ಹೆಸರು ಹಿಡಿದು ಕರೆಯುವ ಪೆಟ್ಟಿಗೆ

ಕೊಟ್ರಬಸಪ್ಪ ಬದುಕಿದ್ದಷ್ಟು ದಿನ ಹೆಂಡತಿಯನ್ನು ಒಂದು ಸಲವಾದರೂ ಹೆಸರು ಹಿಡಿದು ಕರೆದವನಲ್ಲ. ಮದುವೆ ಮುಗಿಸಿ ಮನೆಗೆ ಬಂದ ದಿನ ಓಣಿಯ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, "ಹೆಂಡ್ತಿ ಹೆಸರು ಹೇಳಿ ಒಳಗ ಬರ್ರಿ" ಎಂದು ಕಾಡಿದಾಗ, ಈ ಮಹಾನುಭಾವ ಕಿವಿತನಕ ಕೆಂಪಗಾಗಿ, ಮನೆ ಸುತ್ತಿ ಹೋಗಿ, ಹಿತ್ತಲ ಗೋಡೆ ಹಾರಿ ಒಳಗೆ ಬಂದಿದ್ದ. ಹೊಸ್ತಿಲಲ್ಲಿ ಮದುಮಗಳು ಒಬ್ಬಳೇ ಅಕ್ಕಿ ತುಂಬಿದ ಸೇರಿನ ಮುಂದೆ ನಿಂತಿದ್ದಳು. ನೀಲಗಂಗವ್ವ ಎಂಬ ಅಷ್ಟು ಚಂದದ ಹೆಸರನ್ನು ಬಾಯಿಗೆ ತಾರದೆ, ಸಂಸಾರ ಮಾಡಿದಷ್ಟು ಕಾಲವೂ ಒಂದು ಕೆಮ್ಮು, ಆಮೇಲೆ ಒಂದು "ಏ, ಕೇಳ್ತೇನ?" ಇಷ್ಟರಲ್ಲೇ ಸಾಗಹಾಕಿದ.

ಅಂಥವನು ಸತ್ತು ಎರಡು ವರ್ಷ ಆದಮೇಲೆ ಹೆಸರು ಹಿಡಿದು ಕರೆದ. ಕರೆಸಿದ್ದು ಸರಕಾರ.

ಸರಕಾರದ್ದೂ ತಪ್ಪೆನ್ನಲು ಬಾರದು ನೋಡಿ. ವರ್ಷಕ್ಕೊಂದು ದೊಡ್ಡ ಅನಾಹುತ ದೇಶಕ್ಕೆ ಖಾಯಂ ಆಗಿಹೋಗಿತ್ತು. ಒಂದು ವರ್ಷ ಚಂಡಮಾರುತ, ಇನ್ನೊಂದು ವರ್ಷ ಗುಡ್ಡ ಕುಸಿತ, ಮತ್ತೊಂದು ವರ್ಷ ಕಾರ್ಖಾನೆಯ ವಿಷಗಾಳಿ. ಉಪಗ್ರಹ ಮೊದಲೇ ಹೇಳುತ್ತಿತ್ತು, ಮೊಬೈಲು ಕಿರುಚುತ್ತಿತ್ತು, ಸೈರನ್ನು ಗಂಟಲು ಹರಿದುಕೊಳ್ಳುತ್ತಿತ್ತು. ಜನ ಮಾತ್ರ ಏಳುತ್ತಿರಲಿಲ್ಲ. ಒಲೆ ಮೇಲೆ ಅನ್ನ ಇದೆ, ಎಮ್ಮೆ ಕಟ್ಟಿದೆ, ಹೋದ ಸಲವೂ ಹೀಗೇ ಕೂಗಿ ಏನೂ ಆಗಲಿಲ್ಲ ಎಂದು ಕೂತೇ ಇರುತ್ತಿದ್ದರು. ಕೊನೆಗೆ ತಜ್ಞರು ಕಂಡುಕೊಂಡದ್ದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಸಂಗತಿಯನ್ನೇ. ಸೈರನ್ನಿಗೆ ಏಳದವನು ಮನೆಯವರು ಕೂಗಿದರೆ ಏಳುತ್ತಾನೆ.

ಹಾಗೆ ಹುಟ್ಟಿದ್ದು 'ಮನೆದನಿ'. ಅಪಾಯದ ಜಾಗದಲ್ಲಿರುವ ಪ್ರತಿ ಮನೆಯ ಗೋಡೆಗೆ ಒಂದು ಪೆಟ್ಟಿಗೆ. ಅದು ಎರಡು ತಿಂಗಳು ಸುಮ್ಮನೆ ಕೂತು ಕೇಳುತ್ತದೆ. ಯಾರ ಮಾತಿಗೆ ಈ ಮನೆಯ ಮಂದಿ ಕೈಲಿದ್ದ ಕೆಲಸ ಬಿಟ್ಟು ಏಳುತ್ತಾರೆ ಎಂದು ಗೊತ್ತುಮಾಡಿಕೊಳ್ಳುತ್ತದೆ. ಆ ದನಿಯನ್ನು ಕಲಿಯುತ್ತದೆ. ಅಪಾಯ ಬಂದಾಗ ಆ ದನಿಯಲ್ಲೇ, ಹೆಸರು ಹಿಡಿದು, "ಹೊರಗ ಬಾ" ಎನ್ನುತ್ತದೆ. ಒಳಗೆ ಉಸಿರಾಡುವವರು ಎಷ್ಟು ಮಂದಿ ಎಂದು ತಿಳಿಯುವ ಸಣ್ಣ ರೇಡಾರೂ ಅದರಲ್ಲಿತ್ತು. ಕೊನೆಯವರು ಹೊರಗೆ ಕಾಲಿಟ್ಟ ಕ್ಷಣ ಪೆಟ್ಟಿಗೆ ಸುಮ್ಮನಾಗುತ್ತಿತ್ತು.

ನೀಲಗಂಗವ್ವನ ಪೆಟ್ಟಿಗೆ ಅವಳ ಗಂಡನ ದನಿ ಬಿಟ್ಟು ಬೇರೆ ಯಾರ ದನಿಯನ್ನೂ ಕಲಿಯಲಿಲ್ಲ. ಅವಳ ಮನೆಗೆ ಬಂದುಹೋಗುವವರೇನು ಕಮ್ಮಿ ಇರಲಿಲ್ಲ. ಖಡಕ್ ರೊಟ್ಟಿ ಬಡಿದು ಪೇಟೆಯ ಖಾನಾವಳಿಗಳಿಗೆಲ್ಲ ಕಳಿಸುತ್ತಿದ್ದ ಹೆಂಗಸು ಆಕೆ, ಕೈಕೆಳಗೆ ನಾಲ್ಕು ಮಂದಿ. ಆದರೆ ಅವರೆಲ್ಲ ಅವಳ ಮಾತಿಗೆ ಏಳುವವರು, ಅವಳು ಏಳುತ್ತಿದ್ದದ್ದು ಒಂದೇ ದನಿಗೆ. ಗಂಡ ಸಾಯುವ ಮುಂಚೆ ಫೋನಿನಲ್ಲಿ ಕಳಿಸಿದ್ದ ಮಾತುಗಳನ್ನು ಸಂಜೆಗೊಮ್ಮೆ ಹಾಕಿಕೊಂಡು ಕೇಳುತ್ತಿದ್ದಳು. "ಏ, ಕೇಳ್ತೇನ? ಬರೂದು ತಡ ಆಗ್ತೈತಿ, ಉಂಡು ಮಲಕ್ಕೊ." ಆ ಕೆಮ್ಮು ಕೇಳಿದ ಕೂಡಲೇ, ಸತ್ತವನಿಗೆ ತಟ್ಟೆ ಇಡಬೇಕೇನೋ ಎಂಬಂತೆ ಎದ್ದು ನಿಲ್ಲುತ್ತಿದ್ದಳು. ಪೆಟ್ಟಿಗೆ ಇಷ್ಟನ್ನೂ ಗಮನಿಸಿತು.

ಇದು ದಾಕ್ಷಾಯಣಿಗೆ ಗೊತ್ತಿತ್ತು. ನೀಲಗಂಗವ್ವನ ಒಬ್ಬಳೇ ಮಗಳು ಅವಳು, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯಲ್ಲಿ ಕೆಲಸ. ಅವ್ವನ ಊರು ಮುದ್ದನಗುಡ್ಡದ ಪೆಟ್ಟಿಗೆಗಳೆಲ್ಲ ಅವಳ ಪರದೆಗೇ ಬರುತ್ತಿದ್ದವು. ಸತ್ತವರ ದನಿ ಬಳಸಬೇಕೋ ಬೇಡವೋ ಎಂದು ಮೀಟಿಂಗಿನಲ್ಲಿ ಚರ್ಚೆಯಾದಾಗ ಕೊಠಡಿಯ ಮುಖ್ಯಸ್ಥ ಇನಾಮದಾರ್ ಸಾಹೇಬರು ಬೇರೆ ಜಿಲ್ಲೆಯಲ್ಲಿ ನಡೆದ ಅಣಕು ಕಾರ್ಯಾಚರಣೆಯ ಅಂಕಿ ತೋರಿಸಿದ್ದರು. ಬದುಕಿದ್ದವರ ದನಿಗಿಂತ ಸತ್ತವರ ದನಿಗೆ ಜನ ಎಷ್ಟೋ ಬೇಗ ಎದ್ದು ಬಂದಿದ್ದರು. "ಬದುಕಿದ್ದವ್ರ ಮಾತಿಗೆ ಎದುರಾಡ್ತಾರ. ಸತ್ತವ್ರಿಗೆ ಯಾರು ಎದುರಾಡ್ತಾರ?" ಎಂದಿದ್ದರು ಸಾಹೇಬರು. ಎಲ್ಲರೂ ತಲೆಯಾಡಿಸಿದರು. ದಾಕ್ಷಾಯಣಿಯೂ ಆಡಿಸಿದಳು.

ಮುದ್ದನಗುಡ್ಡದಲ್ಲೂ ಅಣಕು ಕಾರ್ಯಾಚರಣೆ ಮುಗಿದ ದಿನ ಅವ್ವನ ಫೋನು ಬಂತು.

"ದಾಕ್ಷಿ, ನಿಮ್ಮಪ್ಪ ನನ್ನ ಹೆಸರು ಹೇಳಿದ್ರು."

"ಅದು ಮಷೀನು, ಯವ್ವಾ."

"ಮಷೀನ್ ಅನ್ನೂದು ನನಗ್ಗೊತ್ತಿಲ್ಲೇನ? ನಾ ಏನ್ ಕೂಸೇನ? ಆದ್ರ ದನಿ ಅವರದs ಅಲ್ಲ? ನೀಲಗಂಗಾ ಅಂದ್ರು. ನಾ ಒಂದು ದಡ್ಡಿ, ಗಾಬರಿ ಬಿದ್ದು ಓಡಿ ಹೊರಗ ಬಂದೆ. ಗೇಟ್ ದಾಟಿದ್ನೋ ಇಲ್ಲೋ, ಸುಮ್ಮಗಾತು. ಇನ್ನs ಸ್ವಲ್ಪ ಒಳಗ ಇದ್ದಿದ್ರ ಇನ್ನೊಮ್ಮೆ ಕರೀತಿದ್ರು."

ದಾಕ್ಷಾಯಣಿ ನಕ್ಕಿದ್ದಳು. ಅವ್ವನಿಗೆ ಎಲ್ಲದರಲ್ಲೂ ಹೀಗೇ, ಹೋದಮೇಲೆ ಚಡಪಡಿಕೆ. ಊರಿಗೆ ಹೊರಟಾಗಲೂ ಅಷ್ಟೇ. ಬಾಗಿಲಿಗೆ ಕೀಲಿ ಹಾಕಿ, ನಾಲ್ಕು ಹೆಜ್ಜೆ ಬಂದು, "ಗ್ಯಾಸ್ ಬಂದ್ ಮಾಡೀನೋ ಇಲ್ಲೋ" ಎಂದು ನಿಂತುಬಿಡುತ್ತಿದ್ದಳು. ಅಪ್ಪ ತಿರುಗಿಯೂ ನೋಡದೆ, "ಮಾಡೀದಿ, ನಾ ನೋಡೀನಿ, ನಡಿ" ಎನ್ನುತ್ತಿದ್ದ. ಅವನು ನೋಡಿರುತ್ತಿರಲಿಲ್ಲ ಎಂದು ದಾಕ್ಷಾಯಣಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಆದರೂ ಅಷ್ಟು ಹೇಳಿದಮೇಲೆ ಅವ್ವ ಮುಂದೆ ನಡೆಯುತ್ತಿದ್ದಳು.

ಮುದ್ದನಗುಡ್ಡದ ಅಪಾಯ ಎಂದರೆ ರಾಡಿಕೆರೆ. ಗುಡ್ಡದ ಮೇಲಿನ ಗಣಿಯಲ್ಲಿ ಅದಿರು ತೊಳೆದ ಕೆಂಪು ರಾಡಿಯನ್ನು ವರ್ಷಗಟ್ಟಲೆ ಒಡ್ಡು ಕಟ್ಟಿ ತುಂಬಿಸಿದ್ದರು. ಕಂಪನಿ ಮುಚ್ಚಿಕೊಂಡು ಹೋಯಿತು, ರಾಡಿ ಉಳಿಯಿತು. ಆ ಕೆರೆಯ ಪಂಪಿನ ಮೇಲೇ ಕೊಟ್ರಬಸಪ್ಪ ದುಡಿದದ್ದು, ಅಲ್ಲಿನ ಧೂಳು ಕುಡಿದೇ ಕೆಮ್ಮು ಹಚ್ಚಿಕೊಂಡು ಸತ್ತದ್ದು. ಗುಡ್ಡದ ಬುಡದಲ್ಲಿ ಕಂಪನಿ ಕಟ್ಟಿಸಿದ ಮನೆಗಳ ಕೆಳಗಿನ ಲೈನಿನಲ್ಲಿ ನೀಲಗಂಗವ್ವನ ಮನೆ.

ಆ ಸಲ ಮಳೆ ನಾಲ್ಕು ದಿನ ಬಿಡಲಿಲ್ಲ. ಐದನೆಯ ದಿನ ಮಧ್ಯಾಹ್ನ ಉಂಡು ಕೂತ ಹೊತ್ತಿಗೆ ದಾಕ್ಷಾಯಣಿಯ ಪರದೆ ಕೆಂಪಾಯಿತು. ಒಡ್ಡಿನೊಳಗೆ ಹೂತಿದ್ದ ಯಂತ್ರಗಳು ಒಂದಾದಮೇಲೊಂದು ಸುಳಿವು ಕೊಟ್ಟವು. ನೀರು ಒಡ್ಡಿನ ಬುಡದಿಂದ ಜಿನುಗುತ್ತಿದೆ, ಜಿನುಗಿದ್ದು ಮಣ್ಣು ಹೊತ್ತು ಬರುತ್ತಿದೆ. ಹೆಚ್ಚೆಂದರೆ ಒಂದು ತಾಸು, ಕಮ್ಮಿಯೆಂದರೆ ಅದರ ಅರ್ಧ.

"ಮನೆದನಿ ಬಿಡ್ರಿ," ಎಂದರು ಇನಾಮದಾರ್ ಸಾಹೇಬರು.

ಮುದ್ದನಗುಡ್ಡದ ಪ್ರತಿ ಮನೆಯಲ್ಲೂ ಯಾರೋ ಯಾರನ್ನೋ ಕರೆದರು. ಪರದೆಯ ಮೇಲೆ ಮನೆಗಳೆಲ್ಲ ಕೆಂಪು ಚುಕ್ಕೆ. ಖಾಲಿಯಾದ ಮನೆ ಹಸಿರು. ಹಸಿರು ಹರಡಿತು ನೋಡಿ, ಹೊಲಕ್ಕೆ ನೀರು ಬಿಟ್ಟ ಹಾಗೆ! ಮೇಲಿನ ಲೈನು ಖಾಲಿ, ನಡುವಿನ ಲೈನು ಖಾಲಿ, ಜನ ಎದುರಿನ ದಿಬ್ಬದ ಮೇಲಿನ ಶಾಲೆಯತ್ತ ಓಡುತ್ತಿದ್ದರು. ಸಾಹೇಬರು ರಾಜಧಾನಿಗೆ ಫೋನು ಹಚ್ಚಿ, "ಬ್ಯೂಟಿಫುಲ್ ಸರ್, ಬ್ಯೂಟಿಫುಲ್" ಎನ್ನುತ್ತಿದ್ದರು.

ಕೆಳಗಿನ ಲೈನಿನಲ್ಲಿ ಒಂದಷ್ಟು ಚುಕ್ಕೆ ಮಾತ್ರ ಕೆಂಪಾಗೇ ಉಳಿದವು. ಹನ್ನೊಂದು ಮನೆ.

ದಾಕ್ಷಾಯಣಿ ಮೊದಲು ಅವ್ವನ ಮನೆ ನೋಡಿದಳು. ಕೆಂಪು. ಪಕ್ಕದ್ದು ಚನ್ನವೀರಯ್ಯ ಮಾಸ್ತರರ ಮನೆ, ಹೋದ ವರ್ಷ ಹೆಂಡತಿ ತೀರಿಕೊಂಡಿದ್ದರು. ಅದರಾಚೆ ರತ್ನವ್ವನ ಮನೆ, ಮಗ ಬೈಕಿನ ಅಪಘಾತದಲ್ಲಿ ಹೋಗಿದ್ದ. ಒಂದೊಂದೇ ಮನೆಯ ದನಿ ಯಾರದೆಂದು ತೆರೆದು ನೋಡುತ್ತ ಹೋದಳು. ಹನ್ನೊಂದಕ್ಕೆ ಹನ್ನೊಂದೂ ಸತ್ತವರ ದನಿ.

ಅಣಕು ಕಾರ್ಯಾಚರಣೆಯಲ್ಲಿ ಮೊದಲು ಓಡಿ ಬಂದವರು ಇವರೇ. ಓಡಿ ಬಂದು, ದನಿ ಕಳೆದುಕೊಂಡು, ಪಾಠ ಕಲಿತವರೂ ಇವರೇ. ಹೊರಗೆ ಹೋದರೆ ದನಿ ನಿಲ್ಲುತ್ತದೆ. ಒಳಗಿದ್ದರೆ ಇನ್ನೊಮ್ಮೆ ಕರೆಯುತ್ತದೆ.

ಅವ್ವನ ಪೆಟ್ಟಿಗೆಯ ಮೈಕು ತೆರೆದಳು. ಮಳೆಯ ಸದ್ದಿನ ನಡುವೆ ಅಪ್ಪನ ದನಿ. "ನೀಲಗಂಗಾ, ಅಪಾಯ ಐತಿ. ಹೊರಗ ಬಾ." ಆಮೇಲೆ ಅವ್ವನ ದನಿ, ಮೆಲ್ಲಗೆ, ಹರೆಯದ ಹುಡುಗಿಯ ಹಾಗೆ: "ಹ್ಞೂ, ಅನ್ರಿ, ಇನ್ನೊಮ್ಮೆ ಅನ್ರಿ."

ದಾಕ್ಷಾಯಣಿ ಫೋನು ಮಾಡಿದಳು. "ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಹೊರಗ ನಡಿ! ಈ ಸಲ ಖರೇನ ಒಡ್ಡು ಒಡೀತೈತಿ!"

"ಹೊಂಟೀನವ್ವಾ, ಹೊಂಟೀನಿ. ಒಂದೀಟು ತಡಿ. ಜೀವಮಾನಕ್ಕೊಮ್ಮೆ ಕರಿಯಾಕತ್ಯಾರ, ಒಂದೀಟು ಕೇಳ್ತೀನಿ."

"ಅದು ಅಪ್ಪ ಅಲ್ಲ!"

"ನೀ ಹೇಳ್ಬೇಕೇನ?" ಎಂದು ಅವ್ವ ಫೋನಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

"ದನಿ ಬಂದ್ ಮಾಡಿ ಸೈರನ್ ಹಾಕು," ಎಂದರು ಸಾಹೇಬರು. ಅವರ ಮುಖದ ಬ್ಯೂಟಿಫುಲ್ ಎಲ್ಲ ಇಳಿದುಹೋಗಿತ್ತು. ದನಿ ನಿಲ್ಲಿಸಿದಳು. ಮೈಕಿನಲ್ಲಿ ಕೇಳಿದ್ದೇನು? ಮಾಸ್ತರರು ಪೆಟ್ಟಿಗೆಯನ್ನು ತಟ್ಟುತ್ತಿದ್ದರು. ರತ್ನವ್ವ, "ಯಾಕೋ ತಮ್ಮಾ, ಮಾತಾಡೋ" ಎಂದು ಅಳುತ್ತಿದ್ದಳು. ಇನ್ನು ಸೈರನ್ನು, ಗಣಿ ನಡೆಯುವಾಗ ದಿನಕ್ಕೆ ಮೂರು ಸಲ ಪಾಳಿಗೆ ಕೂಗುತ್ತಿದ್ದದ್ದು ಅದೇ. ಅದಕ್ಕೆ ಆ ಲೈನಿನ ನಾಯಿಯೂ ಕಿವಿ ನಿಮಿರಿಸುತ್ತಿರಲಿಲ್ಲ.

ಒಡ್ಡಿನ ಬುಡದ ಜಿನುಗು ಈಗ ಹರಿವಾಗಿತ್ತು.

ಕೆಳಗಿನ ಲೈನಿನ ಬಾಯಲ್ಲಿ ಅನ್ವರನ ಬಸ್ಸು ನಿಂತಿತ್ತು. ಗೃಹರಕ್ಷಕ ದಳದ ಡ್ರೈವರು ಅವನು, ನಡೆಯಲಾಗದವರನ್ನು ಹತ್ತಿಸಿಕೊಳ್ಳಲು ಕಾದಿದ್ದ. ಬಸ್ಸಿನ ತಲೆಯ ಮೇಲೆ ದೊಡ್ಡ ಸ್ಪೀಕರು. ಅದನ್ನು ನೆನೆದದ್ದೇ ದಾಕ್ಷಾಯಣಿಗೆ ದಾರಿ ಹೊಳೆಯಿತು. ದನಿ ಒಳಗಿದ್ದರೆ ತಾನೇ ಜನ ಒಳಗೆ? ದನಿಯನ್ನೇ ಹೊರಗೆ ಒಯ್ದರೆ?

"ಅನ್ವರ್, ಬಸ್ ಲೈನ್‌ನಾಗ ಒಯ್ಯಿ. ಮೆಲ್ಲಕ ಹೊಡಿ. ಸ್ಪೀಕರ್ ನನಗ ಬಿಡು," ಎಂದಳು ಫೋನಿನಲ್ಲಿ.

"ಮ್ಯಾಲ ಸಪ್ಪಳಾ ಬರಾಕತ್ತೈತಿ, ಅಕ್ಕಾ."

"ಗೊತ್ತೈತಿ. ಒಯ್ಯಪ್ಪಾ."

ಹನ್ನೊಂದು ದನಿಗಳನ್ನೂ ಪೆಟ್ಟಿಗೆಗಳಿಂದ ಕಿತ್ತು ಬಸ್ಸಿಗೆ ಹಾಕಿದಳು. ಆ ಮಳೆಯಲ್ಲಿ, ಆ ಕೆಸರು ಓಣಿಯಲ್ಲಿ, ಒಂದು ಖಾಲಿ ಬಸ್ಸು ಸತ್ತವರ ದನಿಗಳನ್ನು ಹೊತ್ತು ಬದುಕಿದ್ದವರ ಹೆಸರು ಕೂಗುತ್ತ ಹೊರಟಿತು. ಅಮ್ಮ ಮಗಳನ್ನು ಕರೆದಳು, ಮಗ ತಾಯಿಯನ್ನು ಕರೆದ, ಅಣ್ಣ ತಮ್ಮನನ್ನು ಕರೆದ. ಬಾಗಿಲುಗಳು ತೆರೆದವು. ರತ್ನವ್ವ ಬರಿಗಾಲಲ್ಲಿ, ಸೆರಗು ಕೆಸರಲ್ಲಿ ಎಳೆದುಕೊಂಡು, "ನಿಂದರೋ ತಮ್ಮಾ, ಬಂದೆ" ಎಂದು ಬಸ್ಸಿನ ಹಿಂದೆ ಓಡಿದಳು. ಅನ್ವರ್ ಬಸ್ಸು ನಿಲ್ಲಿಸಿ ಒಬ್ಬೊಬ್ಬರನ್ನೇ ಹತ್ತಿಸಿಕೊಂಡ. ಅವನಿಗೂ ಅಳು ತಡೆಯಲಾಗುತ್ತಿರಲಿಲ್ಲ, ಫೋನಿನಲ್ಲಿ ಕೇಳುತ್ತಿತ್ತು.

ಹತ್ತಿದವರೆಲ್ಲ ಒಳಗೆ ದನಿಯ ಮನುಷ್ಯನನ್ನು ಹುಡುಕಿದರು. ಅದನ್ನು ಬರೆಯಲು ಕೈ ಬರುವುದಿಲ್ಲ, ಬಿಡಿ.

ಚುಕ್ಕೆಗಳು ಹಸಿರಾದವು. ಚನ್ನವೀರಯ್ಯ ಮಾಸ್ತರರದೂ ಆಯಿತು. ಅವರು ಗೇಟಿನತನಕ ಬಂದರು. ಆಮೇಲೆ, ಹೆಂಡತಿ ಒಳಗಿದ್ದಾಳೋ ಹೊರಗಿದ್ದಾಳೋ ಎಂದು ಅನುಮಾನ ಬಂದವರಂತೆ ತಿರುಗಿ ಒಳಗೆ ಹೋದರು. ಚುಕ್ಕೆ ಮತ್ತೆ ಕೆಂಪಾಯಿತು. ಬಾಗಿಲು ಹಾಕಿಕೊಂಡ ಸದ್ದು ಮೈಕಿನಲ್ಲಿ ಕೇಳಿತು. ಅನ್ವರ್ ಹೋಗಿ ಒದ್ದ, ಕೂಗಿದ, ತೆರೆಯಲಿಲ್ಲ.

ನೀಲಗಂಗವ್ವ ಕದಲಲೇ ಇಲ್ಲ. ಬಸ್ಸು ಅವಳ ಬಾಗಿಲ ಮುಂದೆಯೇ ನಿಂತಿತ್ತು. "ನೀಲಗಂಗಾ, ಹೊರಗ ಬಾ" ಎಂದು ಸ್ಪೀಕರು ಗುಡ್ಡಕ್ಕೆ ಕೇಳುವ ಹಾಗೆ ಕೂಗುತ್ತಿತ್ತು. ಮೈಕಿನಲ್ಲಿ ಅವ್ವನ ದನಿ ಬಂತು, ಯಾರಿಗೋ ಹೇಳಿದ ಹಾಗೆ: "ಇಡೀ ಓಣಿಗೆ ಕೇಳಂಗ ಕರಿಯಾಕತ್ಯಾರ ನೋಡು. ನಾಚಿಕಿ ಬಿಟ್ರು ಅಂತೀನಿ."

ಅಯ್ಯೋ ದೇವರೇ! ಒಳಗೇ ಕೂತು ಇಷ್ಟು ಚೆನ್ನಾಗಿ ಕೇಳುತ್ತಿದ್ದರೆ ಅವಳು ಹೊರಗೆ ಯಾಕೆ ಬಂದಾಳು?

"ದಾಕ್ಷಾಯಣಿ," ಸಾಹೇಬರು ಅವಳ ಹಿಂದೆ ಬಂದು ನಿಂತರು. ಪರದೆಯ ಇನ್ನೊಂದು ಮೂಲೆಯಲ್ಲಿ ಒಡ್ಡಿನ ಯಂತ್ರಗಳು ಒಂದೊಂದೇ ಸಾಯುತ್ತಿದ್ದವು. "ಬಸ್ಸಿನಾಗ ಮೂವತ್ತು ಮಂದಿ ಅದಾರ. ಬಸ್ ಹೊರಡ್ಬೇಕು. ನಾ ಹೇಳ್ಲೇನ?"

ಅವರು ಹೇಳಬಹುದಿತ್ತು. ಹೇಳುವುದು ಅವರ ಕೆಲಸವೇ. ಆದರೆ ಅವರೂ ಅವ್ವನ ಕೈಯ ರೊಟ್ಟಿ ಉಂಡವರು.

"ಬ್ಯಾಡ್ರಿ ಸರ. ನಾನs ಹೇಳ್ತೀನಿ." ದಾಕ್ಷಾಯಣಿಗೆ ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. "ಅನ್ವರ್, ಬಿಡು ಬಸ್ಸು."

"ಅಕ್ಕಾ, ಅವ್ವಾರು..."

"ಬಿಡು ಅಂದ್ನಲ್ಲ."

ಎಂಜಿನ್ನು ಗರ್ ಎಂದಿತು. ಮೂವತ್ತು ಮಂದಿಗಾಗಿ ಅವ್ವನನ್ನು ಬಿಟ್ಟೆ ಎಂಬ ಸಂಗತಿ ಎದೆಯೊಳಗೆ ಇಳಿಯುವ ಮುಂಚೆ ದಾಕ್ಷಾಯಣಿಗೆ ಒಂದು ನೆನಪು ನುಗ್ಗಿತು. ಬಸ್ಸಿಗೆ ಹೊರಡುವ ಹೊತ್ತಿನ ನೆನಪು. ಯಾವ ಊರಿಗೆ ಹೊರಟರೂ ಅವ್ವ ತಡ. ಅಪ್ಪ ಬೀದಿಯಲ್ಲಿ ನಿಂತು, ಕೊಡೆ ಕಂಕುಳಲ್ಲಿ ಇಟ್ಟುಕೊಂಡು, ಕೆಮ್ಮಿ, ಕೂಗುತ್ತಿದ್ದ ಆ ಕೂಗು. ಅಪ್ಪ ಎಂದರೆ ಅದು. 'ನೀಲಗಂಗಾ' ಎಂದು ಕರೆಯುವವನು ಅಪ್ಪನಲ್ಲ, ಸರಕಾರ. ಸರಕಾರಕ್ಕೆ ಅವ್ವ ಯಾವತ್ತು ಎದ್ದಿದ್ದಾಳೆ?

ಸ್ಪೀಕರು ಆಡಬೇಕಾದ ಮಾತನ್ನೆಲ್ಲ ಪರದೆಯಲ್ಲಿ ಅಳಿಸಿ, ಅಪ್ಪನ ದನಿಗೆ ಬೇರೆ ಮಾತು ಬಡಿದಳು. ಅವಸರಕ್ಕೆ ಅಕ್ಷರ ತಪ್ಪಿದವು, ಮತ್ತೆ ಬಡಿದಳು. ಮುದ್ದನಗುಡ್ಡದ ಮಳೆಯಲ್ಲಿ ಸ್ಪೀಕರು ಮೊದಲು ಒಂದು ಸಲ ಕೆಮ್ಮಿತು. ಆಮೇಲೆ, ಸಿಟ್ಟಿನಲ್ಲಿ:

"ಏ, ಕೇಳ್ತೇನ? ಎಷ್ಟೊತ್ತು ನಿಂದು? ಬಸ್ ಹೋತು ನೋಡು!"

ಬಸ್ಸು ನಿಜವಾಗಿಯೂ ಹೋಗುತ್ತಿತ್ತು.

ಮೈಕಿನಲ್ಲಿ ಪಾತ್ರೆ ಬಿದ್ದ ಸದ್ದು. "ಬಂದೆ ರೀ, ಬಂದೆ! ಒಂದು ನಿಮಿಷ ನಿಲ್ಲಾಕ ಬರಂಗಿಲ್ಲೇನ ಇವ್ರಿಗೆ? ಯಾವಾಗ್ಲೂ ಇದs ಆತು!" ಎಂದು ಬೈಯುತ್ತ ಅವ್ವ ಎದ್ದಳು. ಸಂಸಾರ ಮಾಡಿದಷ್ಟು ಕಾಲ ಆ ಕೂಗಿಗೆ ಎದ್ದ ಕಾಲು ಅವು, ಅವಳ ಅಪ್ಪಣೆಗೆ ಕಾಯಲಿಲ್ಲ. ಚಿಲಕದ ಸದ್ದು ಕೇಳಿತು. ಆ ಪ್ರಳಯದಲ್ಲಿ ಆ ಪುಣ್ಯಾತ್ಗಿತ್ತಿ ಕೀಲಿಯನ್ನೂ ಹಾಕಿದಳು! ಚುಕ್ಕೆ ಹಸಿರಾಯಿತು.

"ಬರಾಕತ್ತಾರ!" ಎಂದು ಅನ್ವರ್ ಕಿರುಚಿದ. "ಅವ್ವಾರು ಓಡಿ ಬರಾಕತ್ತಾರ!" ರತ್ನವ್ವ ಹಿಂದಿನ ಬಾಗಿಲಲ್ಲಿ ಬಗ್ಗಿ ಕೈ ಚಾಚಿದಳು. ಓಡುವ ಬಸ್ಸಿಗೆ ನೀಲಗಂಗವ್ವನನ್ನು ಎಳೆದುಕೊಂಡರು.

ಬಸ್ಸು ದಿಬ್ಬದ ಅರ್ಧ ಏರಿತ್ತು, ಒಡ್ಡು ಹೋಯಿತು. ಕೊಠಡಿಯಲ್ಲಿ ಸದ್ದೇನೂ ಕೇಳಲಿಲ್ಲ. ಪರದೆಯ ಮೇಲೆ ಮೇಲಿನ ಲೈನಿನ ಪೆಟ್ಟಿಗೆಗಳು ಆರಿದವು, ಆಮೇಲೆ ನಡುವಿನ ಲೈನಿನವು, ಆಮೇಲೆ ಕೆಳಗಿನವು. ಹಸಿರು ಚುಕ್ಕೆಗಳ ಜೊತೆ ಮಾಸ್ತರರ ಕೆಂಪು ಚುಕ್ಕೆಯೂ ಆರಿತು. ದಾಕ್ಷಾಯಣಿಗೆ ಮೂರನೆಯ ಇಯತ್ತೆಯಲ್ಲಿ ಮಗ್ಗಿ ಕಲಿಸಿದವರು ಅವರು. ಇನಾಮದಾರ್ ಸಾಹೇಬರು ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು. ರಾಜಧಾನಿಯಿಂದ ಫೋನು ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ.

ಶಾಲೆಯ ಅಂಗಳದಲ್ಲಿ ಬಸ್ಸು ನಿಂತಿತು. ಅನ್ವರ್ ಫೋನನ್ನು ನೀಲಗಂಗವ್ವನ ಕೈಗೆ ಕೊಟ್ಟ. ಸುತ್ತ ಅಳು, ಹೆಸರು ಹೆಸರು ಕೂಗಿ ಹುಡುಕುವ ಗದ್ದಲ. ಕೆಳಗೆ ಲೈನುಗಳಿದ್ದ ಜಾಗದಲ್ಲಿ ಕೆಂಪು ರಾಡಿ ಬಿಟ್ಟು ಬೇರೇನೂ ಇಲ್ಲ ಎಂದು ಅನ್ವರ್ ಆಗಲೇ ಹೇಳಿದ್ದ.

"ಯವ್ವಾ," ಎಂದಳು ದಾಕ್ಷಾಯಣಿ.

ಓಡಿ ಬಂದ ಅವ್ವ ಇನ್ನೂ ಏದುಸಿರು ಬಿಡುತ್ತಿದ್ದಳು.

"ಹೆಸರು ಹಿಡಿದು ಕರದದ್ದು ನಿಮ್ಮ ಮಷೀನು," ಎಂದಳು. "ಅದು ನನಗ ಮೊದಲs ಗೊತ್ತಿತ್ತು. ಬಸ್ ಹೋತು ಅಂದದ್ದು ಯಾರವ್ವಾ?"

ಉತ್ತರಕ್ಕೆ ಕಾಯದೆ ಅವ್ವನೇ ಮುಂದುವರಿಸಿದಳು, ಸಣ್ಣ ದನಿಯಲ್ಲಿ, ಚಡಪಡಿಕೆಯಲ್ಲಿ.

"ದಾಕ್ಷಿ, ಕೀಲಿ ಹಾಕೀನಿ, ಕೈಯಾಗ ಐತಿ. ಗ್ಯಾಸ್ ಬಂದ್ ಮಾಡೀನೋ ಇಲ್ಲೋ ನೆನಪಾಗವಲ್ದು. ಗಡಿಬಿಡ್ಯಾಗ ಬಂದೆ. ಮಾಡೀನೋ ಇಲ್ಲೋ."

ಆ ಮನೆ ಎಲ್ಲಿದೆ, ಗ್ಯಾಸು ಎಲ್ಲಿದೆ? ಪರದೆಯ ಮೇಲೆ 'ಕಾರ್ಯಾಚರಣೆ ಮುಗಿಸಬಹುದೇ' ಎಂಬ ಸಾಲು ಮಿನುಗುತ್ತಿತ್ತು. ಹೌದು ಎಂದರೆ ದನಿಗಳೆಲ್ಲ ಮುಚ್ಚಿಹೋಗುತ್ತಿದ್ದವು. ದಾಕ್ಷಾಯಣಿ ಕಣ್ಣೊರೆಸಿಕೊಂಡಳು. ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ, ಒಂದಕ್ಷರವೂ ತಪ್ಪದ ಹಾಗೆ ಬಡಿದಳು.

ಶಾಲೆಯ ಅಂಗಳದಲ್ಲಿ, ಬಸ್ಸಿನ ತಲೆಯ ಮೇಲೆ ಕೊಟ್ರಬಸಪ್ಪ ಒಂದು ಸಲ ಕೆಮ್ಮಿದ.

"ಮಾಡೀದಿ. ನಾ ನೋಡೀನಿ, ನಡಿ."

ಆಗ ನೀಲಗಂಗವ್ವ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೆಸರಿನಲ್ಲಿ ಕೂತು, ಗಂಡ ಸತ್ತ ದಿನ ಅಳದೆ ಬಿಟ್ಟಿದ್ದನ್ನೆಲ್ಲ ಅತ್ತಳು.